ಅಕ್ಕನ ಅಂಚೆ: ಊರಿಗೆ ಹೊರಟವರು, ಇಲ್ಲೇ ಉಳಿದವರು

ಮಾರ್ಚ್ ಮತ್ತು ಜೂನ್ ಬಂತೆಂದರೆ ನನಗೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಇಲ್ಲಿನ ಸಿಬಿಎಸ್‌ಇ ಶಾಲೆಗಳ ವರ್ಷ ಮಾರ್ಚ್‌ನಲ್ಲಿ ಮುಗಿಯುತ್ತದೆ. ಬೇಸಿಗೆಯ ದೊಡ್ಡ ರಜೆ ಜೂನ್ ಕೊನೆಗೋ ಜುಲೈ ಮೊದಲಿಗೋ ಶುರು. ದುಬೈ, ಶಾರ್ಜಾ, ಅಬುಧಾಬಿಯ ನಮ್ಮವರು ಮಕ್ಕಳು ಮರಿ ಕಟ್ಟಿಕೊಂಡು ಊರಿಗೆ ವಾಪಸಾಗುವುದಿದ್ದರೆ ಈ ಎರಡು ಸಂದರ್ಭ ನೋಡಿಯೇ ಹೊರಡುವುದು. ದುಬೈಯ ಕುಸೈಸಿನ ನಮ್ಮ ಬಿಲ್ಡಿಂಗಿನ ಲಿಫ್ಟ್‌ನಲ್ಲಿ ಈಗ ಸೋಫಾ ಮಾರಾಟದ ಚೀಟಿಯ ಮೇಲೆ ವಾಷಿಂಗ್ ಮೆಷಿನ್ ಮಾರಾಟದ ಚೀಟಿ. ಹಾಗಾಗಿ ಈ ಸಂಚಿಕೆಯಲ್ಲಿ ಅತ್ತೆ ಸೊಸೆ ಪ್ರಶ್ನೆಗಳಿಗೆ ರಜೆ. ಬೇಸರ ಮಾಡಿಕೊಳ್ಳಬೇಡಿ, ಆ ಪ್ರಶ್ನೆಗಳು ಎಲ್ಲಿಗೂ ಹೋಗುವುದಿಲ್ಲ.

ಪ್ರಶ್ನೆ: ಅಕ್ಕಾ, ಎದುರು ಫ್ಲ್ಯಾಟಿನವಳು ನನಗೆ ಒಂಬತ್ತು ವರ್ಷದ ಗೆಳತಿ. ಅವಳ ಮಗನಿಗೆ ಸೀತಾಳೆ ಸಿಡುಬಾದಾಗ ಚಿಕ್ಕವಳನ್ನು ನಮ್ಮಲ್ಲೇ ಮಲಗಿಸಿಕೊಂಡಿದ್ದೆ. ಮೊನ್ನೆ ಕೆಳಗಿನ ಗ್ರೋಸರಿಯ ಹುಡುಗ, 'ಚೇಚಿ, ನಿಮ್ಮ ಫ್ರೆಂಡ್ ಫ್ರಿಜ್ ನಾನೇ ತಗೊಂಡೆ, ಒಳ್ಳೇ ರೇಟಿಗೆ ಕೊಟ್ಟರು' ಅಂದ. ಆಗಲೇ ಗೊತ್ತಾದದ್ದು ಅವರು ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೋಗುತ್ತಿದ್ದಾರೆಂದು. ಗ್ರೋಸರಿಯವನಿಗೆ ಗೊತ್ತಿದ್ದದ್ದು ನನಗೆ ಗೊತ್ತಿಲ್ಲ. ಎರಡು ದಿನದಿಂದ ಬಾಗಿಲು ತೆರೆದೇ ಇಲ್ಲ. ಹೋಗುವಾಗ ಹೇಳಿದರೆ ಸರಿ, ಇಲ್ಲದಿದ್ದರೆ ಇಲ್ಲ ಅಂತ ಸುಮ್ಮನಿರಲೇ?
— ಗೃಹಿಣಿ, ಅಲ್ ನಹ್ದಾ

ಅಕ್ಕ: ಸುಮ್ಮನಿರಬೇಡ ತಂಗಿ. ಫ್ರಿಜ್ ಮಾರಿದ್ದಾಳೆ ಅಂದರೆ ಹೆಚ್ಚು ದಿನ ಉಳಿದಿಲ್ಲ. ನಿನ್ನ ಸಿಟ್ಟು ಇಳಿಯುವಷ್ಟರಲ್ಲಿ ಅವಳು ವಿಮಾನ ಹತ್ತಿರುತ್ತಾಳೆ.

ಅವಳು ಯಾಕೆ ಹೇಳಲಿಲ್ಲ ಅನ್ನುವುದನ್ನು ನಾನು ಊಹಿಸಬಲ್ಲೆ. ಇಲ್ಲಿ ನಮ್ಮ ವಾಸವೇ ಕೆಲಸಕ್ಕೆ ಕಟ್ಟಿಬಿದ್ದಿದೆ. ಗಂಡನ ಕೆಲಸ ಹೋಯಿತೆಂದರೆ ಮೊದಲು ಹೆಂಡತಿ ಮಕ್ಕಳ ವೀಸಾ ಕ್ಯಾನ್ಸಲ್, ಆಮೇಲೆ ಅವನದು. ಅಲ್ಲಿಂದ ಮುಂದೆ ದೇಶ ಬಿಡಲು ಎಣಿಸಿದ ದಿನಗಳು. ಬ್ಯಾಂಕಿನಲ್ಲಿ ಸಾಲವಿದ್ದರೆ ಕೆಲಸ ಬಿಟ್ಟಾಗ ಬರುವ ಗ್ರಾಚ್ಯುಟಿಯನ್ನು ಬ್ಯಾಂಕು ತಡೆಹಿಡಿಯುವುದುಂಟು. ಈ ಲೆಕ್ಕವೆಲ್ಲ ಬಗೆಹರಿಯುವವರೆಗೆ 'ಯಾರಿಗೂ ಹೇಳಬೇಡ' ಎಂದು ಗಂಡ ಅಂದಿರುತ್ತಾನೆ. ಇಲ್ಲಿ ಒಬ್ಬರಿಗೆ ಹೇಳಿದರೆ ಅದು ರಾತ್ರಿಯೊಳಗೆ ಉಡುಪಿ ಬಸ್‌ಸ್ಟ್ಯಾಂಡಿನಲ್ಲಿರುತ್ತದೆ. ನಾದಿನಿಯ ಮದುವೆ ಮಾತುಕತೆ ನಡೆಯುತ್ತಿರಬಹುದು, ಊರಲ್ಲಿ ಕಟ್ಟಿಸುತ್ತಿರುವ ಮನೆಯ ಸ್ಲ್ಯಾಬ್ ಅರ್ಧಕ್ಕೆ ನಿಂತಿರಬಹುದು. ಗ್ರೋಸರಿ ಹುಡುಗನಿಗೆ ಹೇಳುವುದು ಸುಲಭ ಮಾರಾಯ್ತಿ. ಅವನು 'ಅಯ್ಯೋ, ಮುಂದೇನು ಮಾಡ್ತೀರಿ?' ಅಂತ ಕೇಳುವುದಿಲ್ಲ, ಫ್ರಿಜ್ ಎಷ್ಟು ಲೀಟರ್ ಅಂತ ಕೇಳುತ್ತಾನೆ. ನಿನ್ನ ಮುಖ ನೋಡಿ ಹೇಳಲು ಅವಳಿಗೆ ಧೈರ್ಯ ಸಾಲಲಿಲ್ಲ, ಅಷ್ಟೇ.

ಈಗ ಏನು ಮಾಡಬೇಕು ಅಂದರೆ, ಕಂದು ಬಣ್ಣದ ದಪ್ಪ ಟೇಪು ಎರಡು, ಹಳೇ ಪೇಪರ್ ಒಂದು ಕಟ್ಟು ಹಿಡಿದುಕೊಂಡು ಹೋಗಿ ಬೆಲ್ ಒತ್ತು. 'ಯಾಕೆ ಹೇಳಲಿಲ್ಲ' ಎಂದು ಬಾಗಿಲಲ್ಲೇ ಶುರು ಮಾಡಬೇಡ. 'ಕಾರ್ಗೋದವನು ಯಾವಾಗ ಬರುತ್ತಾನೆ?' ಅಂತ ಕೇಳು. ಒಳಗೆ ಹೋದರೆ ಕೆಲಸ ತಾನೇ ಕಾಣುತ್ತದೆ. ಗಾಜಿನ ಲೋಟಗಳನ್ನು ಪೇಪರಿನಲ್ಲಿ ಸುತ್ತಿ ಮಿಕ್ಸಿ ಜಾರಿನೊಳಗೆ ಕೂರಿಸುವುದು, ಕುಕ್ಕರಿನ ಹೊಟ್ಟೆಯಲ್ಲಿ ಸಾಂಬಾರು ಪುಡಿಯ ಡಬ್ಬಿ ತುರುಕುವುದು, ಯಾವುದು ಸಮುದ್ರದ ಕಾರ್ಗೋಗೆ, ಯಾವುದು ಕೈಯಲ್ಲಿ ಅಂತ ವಿಂಗಡಿಸುವುದು. ಮಗುವಿನ ಟಿಸಿ, ಲಸಿಕೆಯ ಕಾರ್ಡು, ಹುಟ್ಟಿದ ಸರ್ಟಿಫಿಕೇಟು ಅಪ್ಪಿತಪ್ಪಿ ಕಾರ್ಗೋ ಬಾಕ್ಸಿಗೆ ಹೋಗದಂತೆ ನೋಡಿಕೋ. ಹಡಗಿನ ಬಾಕ್ಸ್ ಊರು ತಲುಪಲು ವಾರಗಟ್ಟಲೆ ಬೇಕು, ಅಲ್ಲಿ ಶಾಲೆಯವರು ಕಾಯುವುದಿಲ್ಲ.

ಇನ್ನೊಂದು ಕೆಲಸವನ್ನು ಇವತ್ತೇ ವಹಿಸಿಕೋ: 'ಕೊನೆಯ ಮೂರು ರಾತ್ರಿಯ ಊಟ ನಮ್ಮದು' ಅನ್ನು. ಗ್ಯಾಸು ಕೊಟ್ಟಾಗಿರುತ್ತದೆ, ಪಾತ್ರೆ ಕಟ್ಟಾಗಿರುತ್ತದೆ, ಮಂಚ ಮಾರಿ ನೆಲದ ಮೇಲೆ ಹಾಸಿಗೆ ಬಿದ್ದಿರುತ್ತದೆ. ಆ ಮೂರು ದಿನ ಎಷ್ಟೋ ಮನೆಯವರು ಬರೀ ಶವರ್ಮಾ ತಿಂದು ಹೊರಟದ್ದನ್ನು ನೋಡಿದ್ದೇನೆ, ಅದೂ ಅದೇ ಮಹಡಿಯಲ್ಲಿ ಹತ್ತು ಜನ ಸ್ನೇಹಿತರಿದ್ದು, ಅವರೆಲ್ಲ ಸೇರಿ ಹಾಲ್ ಬುಕ್ ಮಾಡಿ ಕೇಕ್ ಕತ್ತರಿಸಿದ ಮೇಲೆ. ನೀನು ಅನ್ನ, ಸಾರು, ಒಂದು ಪಲ್ಯ ಕೊಟ್ಟರೆ ಸಾಕು.

ನಿನಗೆ ನೋವಾದದ್ದನ್ನೂ ಹೇಳು. ನುಂಗಿಕೊಳ್ಳಬೇಕಾಗಿಲ್ಲ. ಪೇಪರ್ ಸುತ್ತುತ್ತಾ ಕೂತಾಗ, ಕೈ ಕೆಲಸದಲ್ಲಿದ್ದಾಗ, 'ನೀನು ನನಗೇ ಹೇಳಬೇಕಿತ್ತು ಕಣೇ' ಅಂತ ಒಂದೇ ಸಲ ಹೇಳು. ಅವಳು ಅತ್ತರೆ ಅಳಲಿ. ಫೋನಿನಲ್ಲಿ ಮಾತ್ರ ಬರೆದು ಕಳಿಸಬೇಡ.

ಪ್ರಶ್ನೆ: ನಾನು ಡೇರಾದಲ್ಲಿ ಬೆಡ್‌ಸ್ಪೇಸ್‌ನಲ್ಲಿದ್ದೇನೆ, ಅಂದರೆ ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚದಷ್ಟು ಜಾಗ. ಸಂಬಳ 2,500 ದಿರ್ಹಮ್. ನಮ್ಮೂರಿನವರ ಬಳಗದಲ್ಲಿ ಯಾರು ಊರಿಗೆ ಹೊರಟರೂ ತಲಾ 100 ದಿರ್ಹಮ್ ಕಾಂಟ್ರಿಬ್ಯೂಷನ್, ಹೋಟೆಲಿನಲ್ಲಿ ಊಟ, ಫಲಕ. ಈ ಎರಡು ತಿಂಗಳಲ್ಲಿ ಮೂರನೆಯದು. ಕೊಡದಿದ್ದರೆ ಮರ್ಯಾದೆ ಪ್ರಶ್ನೆ.
— ಒಬ್ಬ ಹುಡುಗ, ಡೇರಾ

ಅಕ್ಕ: ತಮ್ಮಾ, 20 ಕೊಡು. ಸಂಘಟಕರಿಗೆ ಖಾಸಗಿಯಾಗಿ, 'ನನ್ನಿಂದ ಆಗುವುದು ಇಷ್ಟು' ಅನ್ನು. ಕಾರಣ ವಿವರಿಸಬೇಡ, ಕ್ಷಮೆ ಕೇಳಬೇಡ. ಇದನ್ನು ಓದುತ್ತಿರುವ ಸಂಘಟಕ ಮಹಾಶಯರಿಗೂ ಒಂದು ಮಾತು. ಯಾರು ಎಷ್ಟು ಕೊಟ್ಟರು ಅಂತ ಹೆಸರಿನ ಮುಂದೆ ಹಸಿರು ಟಿಕ್ ಹಾಕಿ ಎಲ್ಲರಿಗೂ ಕಳಿಸುತ್ತೀರಲ್ಲ, ಅದಕ್ಕಿಂತ ಅಸಹ್ಯ ಇನ್ನೊಂದಿಲ್ಲ. ಮತ್ತೆ ಆ ಫಲಕ! ಮರದ ಹಲಗೆಗೆ ಹಿತ್ತಾಳೆಯ ತಗಡು ಅಂಟಿಸಿ, ಮೇಲೊಂದು ಬುರ್ಜ್ ಖಲೀಫಾ. ಎರಡು ಕಿಲೋ ತೂಗುತ್ತದೆ. ಹೊರಡುವವನ ಬ್ಯಾಗಿನಿಂದ ಮೊದಲು ಹೊರಬೀಳುವುದೇ ಅದು.

ದುಡ್ಡಿಲ್ಲದ ನಿನ್ನ ಹತ್ತಿರ ಅವರಿಗಿಂತ ಬೆಲೆಬಾಳುವುದು ಒಂದಿದೆ: ಹೊತ್ತು. ವಿಮಾನ ನಿಲ್ದಾಣಕ್ಕೆ ಜತೆಗೆ ಹೋಗು. ಮಂಗಳೂರಿನ ವಿಮಾನಕ್ಕೆ 30 ಕಿಲೋ ಟಿಕೆಟ್ ಇದ್ದರೆ ನಮ್ಮವರು 36 ಕಟ್ಟಿರುತ್ತಾರೆ. ಕೌಂಟರಿನ ಮುಂದೆ ಸೂಟ್‌ಕೇಸ್ ಬಿಚ್ಚಿ ಬಾದಾಮಿ, ಟ್ಯಾಂಗ್, ಅಮ್ಮನಿಗೆಂದು ತೆಗೆದುಕೊಂಡ ಕಂಬಳಿ ಯಾವುದನ್ನು ಬಿಡುವುದು ಅಂತ ಒದ್ದಾಡುತ್ತಾರೆ. ಬೀಳ್ಕೊಡಲು ಬಂದವರೆಲ್ಲ ಫೋಟೋ ತೆಗೆದು ಪಾರ್ಕಿಂಗ್ ದುಡ್ಡು ಏರುತ್ತದೆಂದು ಆಗಲೇ ಓಡಿರುತ್ತಾರೆ. ನೀನು ಮಾತ್ರ ಬ್ಯಾಗು ಬೆಲ್ಟಿನ ಮೇಲೆ ಹೋಗುವವರೆಗೆ ನಿಲ್ಲು. ಉಳಿದ ಸಾಮಾನು ತೆಗೆದುಕೊಂಡು ಬಾ, ಮುಂದೆ ಊರಿಗೆ ಹೋಗುವವರ ಕೈಯಲ್ಲಿ ಒಂದೊಂದಾಗಿ ಕಳಿಸಿಬಿಡು. ಹೊರಡುವ ಮುನ್ನ ರೂಮಿನಲ್ಲೇ ತೂಗಲು ಕೊಕ್ಕೆಯ ತಕ್ಕಡಿ ಒಂದು ಕೊಂಡಿಟ್ಟುಕೋ. ಇಡೀ ಬಳಗವೇ ನಿನ್ನನ್ನು ಹುಡುಕಿಕೊಂಡು ಬರುತ್ತದೆ ನೋಡು.

ಪ್ರಶ್ನೆ: ಮಗಳು ಮೂರನೇ ಕ್ಲಾಸು. ಅವಳ ಜೀವದ ಗೆಳತಿಯ ಕುಟುಂಬ ಜೂನ್ ಕೊನೆಗೆ ಮೈಸೂರಿಗೆ ಹೋಗುತ್ತಿದೆ. ಮಗಳಿಗೆ ಇನ್ನೂ ಹೇಳಿಲ್ಲ. ರಜೆಗೆ ಹೋಗಿದ್ದಾಳೆ, ಬರುತ್ತಾಳೆ ಅಂತ ಹೇಳಿಬಿಟ್ಟರೆ ನಿಧಾನಕ್ಕೆ ಮರೆಯುತ್ತಾಳೆ ಎನ್ನುತ್ತಾರೆ ಇವರು. ಹೌದೇ?
— ತಾಯಿ, ಶಾರ್ಜಾ

ಅಕ್ಕ: ಮರೆಯುವುದಿಲ್ಲ. ಸೆಪ್ಟೆಂಬರಿನಲ್ಲಿ ಶಾಲೆಯ ಬಸ್ಸಿನಲ್ಲಿ ಪಕ್ಕದ ಸೀಟು ಹಿಡಿದಿಟ್ಟು ಕಾಯುತ್ತಾಳೆ. ಆಮೇಲೆ ನೀವು ರಜೆಗೆ ಊರಿಗೆ ಕಳಿಸಿದಾಗಲೆಲ್ಲ 'ನಾವೂ ವಾಪಸ್ ಬರುವುದಿಲ್ಲವಾ?' ಅಂತ ಕೇಳುತ್ತಾಳೆ. ಇವತ್ತೇ ಹೇಳಿ. ಕ್ಯಾಲೆಂಡರಿನಲ್ಲಿ ತಾರೀಖು ತೋರಿಸಿ ಹೇಳಿ. ಇಬ್ಬರೂ ಈ ದಿನಗಳಲ್ಲಿ ಸುಮ್ಮಸುಮ್ಮನೆ ಜಗಳವಾಡಬಹುದು, 'ಅವಳು ನನಗೆ ಬೇಡವೇ ಬೇಡ' ಅನ್ನಬಹುದು. ಬಿಡಬೇಕಾದವರನ್ನು ಮೊದಲೇ ದೂಡಿಬಿಡುವುದು ಮಕ್ಕಳ ಉಪಾಯ. ಬೈಯಬೇಡಿ, ಮಧ್ಯೆ ಹೋಗಲೂಬೇಡಿ.

'ಮುಂದಿನ ವರ್ಷ ಮೈಸೂರಿಗೆ ಕರೆದುಕೊಂಡು ಹೋಗುತ್ತೇವೆ' ಎನ್ನುವ ಭರವಸೆ ಟಿಕೆಟ್ ಕೈಯಲ್ಲಿದ್ದರೆ ಮಾತ್ರ ಕೊಡಿ. ಮಾತಾಡಿಸುವುದಕ್ಕೆ ಮಾತ್ರ ಗಟ್ಟಿ ಏರ್ಪಾಡು ಮಾಡಿ. ವಾಟ್ಸ್‌ಆ್ಯಪ್ ಕರೆ ಇಲ್ಲಿ ನಡೆಯುವುದಿಲ್ಲವಲ್ಲ, ಗೆಳತಿಯ ಅಮ್ಮನ ಫೋನಿನಲ್ಲಿ ಇಲ್ಲಿ ಕರೆ ನಡೆಯುವ ಬೋಟಿಮ್ ಆ್ಯಪ್ ಹಾಕಿಸುವ ಕೆಲಸ ಅವರು ಹೊರಡುವ ಮೊದಲೇ ಮುಗಿಸಿ. ಅಲ್ಲಿಗೆ ನಮಗಿಂತ ಒಂದೂವರೆ ಗಂಟೆ ಮುಂದೆ. ಇಲ್ಲಿ ಸಂಜೆ ಏಳಕ್ಕೆ ನೀವು ಪುರುಸೊತ್ತಾಗುವಾಗ ಅಲ್ಲಿ ಎಂಟೂವರೆ, ಆ ಮಗು ನಿದ್ದೆಗಣ್ಣಲ್ಲಿರುತ್ತದೆ. ಶನಿವಾರ ಬೆಳಿಗ್ಗೆ ಇಟ್ಟುಕೊಳ್ಳಿ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೋಗುವ ಮಗುವಿಗೆ ಅಲ್ಲಿ ಕನ್ನಡ ಬರೆಯಬೇಕಾಗುತ್ತದೆ. 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮ ಬಂದ ಮೇಲೆ ಕರ್ನಾಟಕದ ಶಾಲೆಗಳಲ್ಲಿ, ಸಿಬಿಎಸ್‌ಇ ಆದರೂ, ಕನ್ನಡ ಕಲಿಯಲೇಬೇಕು. ಇಲ್ಲಿ ಹಿಂದಿ, ಅರಬ್ಬಿ ಕಲಿತು ಹೋದ ಮಕ್ಕಳು 'ಅ ಆ' ಬರೆಯಲು ಕೂತು ತಬ್ಬಿಬ್ಬಾಗುತ್ತಾರೆ. ನಿಮ್ಮ ಮಗಳಿಗೂ ಲಿಪಿ ಗೊತ್ತಿರಲಿಕ್ಕಿಲ್ಲ. ಇಬ್ಬರನ್ನೂ ಈಗಲೇ ಜತೆಗೆ ಕೂರಿಸಿ, ತಮ್ಮ ತಮ್ಮ ಹೆಸರು, ಒಬ್ಬರು ಇನ್ನೊಬ್ಬರ ಹೆಸರು ಬರೆಯುವಷ್ಟು ಕಲಿಸಿ. ದುಬೈಯಲ್ಲಿ ವಾರಾಂತ್ಯಕ್ಕೆ ನಮ್ಮವರೇ ನಡೆಸುವ ಕನ್ನಡ ಪಾಠಶಾಲೆ ಇದೆ, ರಜೆಯ ನಂತರ ಮಗಳನ್ನು ಸೇರಿಸಿ. ಆಮೇಲೆ ಮೈಸೂರಿಗೆ ಕಾಗದ ಬರೆಯಲಿ. ತಪ್ಪು ತಿದ್ದಬೇಡಿ, ಅಂಚೆಗೆ ಹಾಕಿ.

ಪ್ರಶ್ನೆ: ರೂಮ್‌ಮೇಟ್‌ಗೆ 6,000 ದಿರ್ಹಮ್ ಕೊಟ್ಟಿದ್ದೆ. ಮುಂದಿನ ವಾರ ಕ್ಯಾನ್ಸಲ್ ಆಗಿ ಹೋಗುತ್ತಿದ್ದಾನೆ. ಗ್ರಾಚ್ಯುಟಿ ಬಂದ ಕೂಡಲೇ ಕೊಡುತ್ತಾನೆ ಅಂತ ಸುಮ್ಮನಿದ್ದೇನೆ. ಹೊರಡುವ ಹೊತ್ತಿನಲ್ಲಿ ದುಡ್ಡಿನ ಮಾತು ತೆಗೆದರೆ ಸಣ್ಣತನವಾಗುತ್ತದೆಯೇ?
— ಅಕೌಂಟೆಂಟ್, ಅಜ್ಮಾನ್

ಅಕ್ಕ: ಅಕೌಂಟೆಂಟ್ ಆಗಿದ್ದೂ ಲೆಕ್ಕ ಹಾಕಿಲ್ಲವೇ? ಗ್ರಾಚ್ಯುಟಿ ಎಂದರೆ ಲಾಟರಿ ಅಂದುಕೊಂಡಿರುತ್ತಾರೆ ಎಲ್ಲರೂ. ಖಾಸಗಿ ಕಂಪನಿಗಳಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ಆಮೇಲಿನ ವರ್ಷಗಳಿಗೆ 30 ದಿನದ್ದು. ಅದೂ ಬೇಸಿಕ್ ಮೇಲೆ, ಕೈಗೆ ಬರುವ ಒಟ್ಟು ಸಂಬಳದ ಮೇಲಲ್ಲ. ಬೇಸಿಕ್ 3,000 ಇದ್ದು ಆರು ವರ್ಷ ದುಡಿದವನಿಗೆ ಬರುವುದು 13,500 ದಿರ್ಹಮ್. ಅದರಲ್ಲಿ ಕ್ರೆಡಿಟ್ ಕಾರ್ಡ್ ತೀರಿಸಬೇಕು, ಊರಲ್ಲಿ ಕೆಲಸ ಸಿಗುವವರೆಗೆ ತಿನ್ನಬೇಕು. ಕಂಪನಿಗೆ ಲೆಕ್ಕ ಚುಕ್ತಾ ಮಾಡಲು 14 ದಿನದ ಅವಕಾಶವಿದೆ, ಅಂದರೆ ಹೋಗುವ ಮುನ್ನ ಅವನ ಕೈಗೆ ದುಡ್ಡು ಬಂದೇ ಬರುತ್ತದೆ ಅಂತಲೂ ಇಲ್ಲ.

ಇವತ್ತು ರಾತ್ರಿ ಕೇಳಿ. ಬೀಳ್ಕೊಡುಗೆಯ ದಿನ ಕೇಳಿದರೆ ಸಣ್ಣತನ, ವಾರ ಮೊದಲು ಕೇಳಿದರೆ ವ್ಯವಹಾರ. 'ಈಗ ಎಷ್ಟು ಕೊಡಬಲ್ಲೆ, ಉಳಿದದ್ದು ಯಾವ ತಿಂಗಳಿಂದ ಎಷ್ಟೆಷ್ಟು' ಅಂತ ಇಬ್ಬರೂ ಒಂದು ಹಾಳೆಯಲ್ಲಿ ಬರೆದು ಫೋಟೋ ಇಟ್ಟುಕೊಳ್ಳಿ. ಊರಿನ ಖಾತೆಯಿಂದ ಊರಿನ ಖಾತೆಗೆ ರೂಪಾಯಿಯಲ್ಲೇ ಹಾಕಲಿ. ಎಲ್ಲವೂ ವಾಪಸ್ ಬರುತ್ತದೋ ಇಲ್ಲವೋ, ಕೇಳದೇ ಉಳಿದರೆ ಮಾತ್ರ ಅವನು ನಿಮ್ಮ ಫೋನ್ ಎತ್ತುವುದನ್ನು ಬಿಡುತ್ತಾನೆ. ದುಡ್ಡಿನ ಜತೆ ಸ್ನೇಹಿತನೂ ಹೋಗುವುದು ಹಾಗೆ.

ಪ್ರಶ್ನೆ: 1993ರಲ್ಲಿ ಬಂದವನು ನಾನು. ಈ ತಿಂಗಳು ನಿವೃತ್ತನಾಗಿ ಬೈಂದೂರಿಗೆ ಹೊರಟಿದ್ದೇನೆ. ಬಳಗದವರು ಸಭಾಂಗಣ, ಮೈಸೂರು ಪೇಟ, ಶಾಲು, ಮಾನಪತ್ರ ಅಂತ ಹೊರಟಿದ್ದಾರೆ. ನನಗೆ ಇದೆಲ್ಲ ಆಗದು. ಯಾರಿಗೂ ತಾರೀಖು ಹೇಳದೆ ಒಂದು ರಾತ್ರಿ ವಿಮಾನ ಹತ್ತಿಬಿಡೋಣ ಎಂದುಕೊಂಡಿದ್ದೇನೆ. ತಪ್ಪೇ?
— ಸ್ಟೋರ್‌ಕೀಪರ್, ಸತ್ವಾ

ಅಕ್ಕ: ಅಣ್ಣಯ್ಯಾ, ಶಾಲು ಬೇಡ ಅನ್ನುವ ಹಕ್ಕು ನಿಮಗಿದೆ. ಮಾನಪತ್ರ ಓದುವವರು ನಿಮ್ಮ ಹೆಸರಿನ ಜಾಗ ಖಾಲಿ ಬಿಟ್ಟು ಕಳೆದ ಸಲದ್ದನ್ನೇ ಓದುತ್ತಾರೆ ಎಂಬ ಗುಮಾನಿ ನನಗೂ ಇದೆ. ಆದರೆ ಹೇಳದೆ ಹೋಗುವುದು ಬೇಡ.

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಕುವೈತ್‌ನ ಸಾಲ್ಮಿಯಾದಲ್ಲಿದ್ದರು. 1990ರ ಆಗಸ್ಟ್ 2ಕ್ಕೆ ಇರಾಕಿನ ಸೈನ್ಯ ನುಗ್ಗಿತು. ಆಮೇಲಿನ ವಾರಗಳಲ್ಲಿ ನಮ್ಮವರು ಬಸ್ಸು ಹಿಡಿದು ಬಾಗ್ದಾದ್ ಮೇಲೆ ಜೋರ್ಡನ್ನಿನ ಅಮ್ಮಾನ್ ಸೇರುತ್ತಿದ್ದರು, ಅಲ್ಲಿಂದ ಏರ್ ಇಂಡಿಯಾ ವಿಮಾನ. ಹಾಗೆ ಮನೆ ಸೇರಿದ ಭಾರತೀಯರು 1,70,000ಕ್ಕಿಂತ ಹೆಚ್ಚು. ಭಾವನಿಗೆ ಬಸ್ಸಿನಲ್ಲಿ ಜಾಗ ಸಿಕ್ಕಿದ ಬೆಳಿಗ್ಗೆ ಅವರ ರೂಮಿನ ಗೋವಾದವನು ಖುಬ್ಬೂಸ್ ರೊಟ್ಟಿಗೆ ಬೇಕರಿಯ ಸಾಲಿನಲ್ಲಿ ನಿಂತಿದ್ದ. ಕಾಯಲು ಪುರುಸೊತ್ತಿರಲಿಲ್ಲ. ಉಪ್ಪಿನ ಡಬ್ಬಿಯ ಕೆಳಗೆ ಒಂದು ಚೀಟಿ, ಉಳಿದ ದೀನಾರು ಇಟ್ಟು ಬಂದರು. ಏಳು ವರ್ಷ ಒಂದೇ ಒಲೆಯಲ್ಲಿ ಅಡುಗೆ ಮಾಡಿದವರು. ಅವನು ಊರು ಸೇರಿದನೋ ಇಲ್ಲವೋ, ಭಾವನಿಗೆ ಇವತ್ತಿಗೂ ಗೊತ್ತಿಲ್ಲ. ಮೊಮ್ಮಗ ಫೋನು ಕಲಿಸಿಕೊಟ್ಟ ದಿನದಿಂದ ಆ ಹೆಸರು ಹಾಕಿ ಹುಡುಕುತ್ತಾರೆ. ಗೋವಾದಲ್ಲಿ ಅದೇ ಹೆಸರಿನವರು ಎಷ್ಟು ಜನ ಬೇಕು!

2020ರ ಮೇ ತಿಂಗಳೂ ನೀವು ಇಲ್ಲೇ ಕಂಡದ್ದು. ಕೊರೊನಾದಲ್ಲಿ ಸಿಕ್ಕಿಕೊಂಡವರನ್ನು ಊರಿಗೆ ಕರೆದೊಯ್ಯುವ ವಂದೇ ಭಾರತ್ ವಿಮಾನಗಳು 7ನೇ ತಾರೀಖು ಶುರುವಾದವು, ಮಂಗಳೂರಿಗೆ ಮೊದಲನೆಯದು 12ಕ್ಕೆ. ಪಟ್ಟಿಯಲ್ಲಿ ಹೆಸರು ಬಂತೆಂದು ಫೋನ್ ಬಂದರೆ ಗಂಟೆಗಳಲ್ಲಿ ಹೊರಡಬೇಕು. ಗರ್ಭಿಣಿಯರು, ಕೆಲಸ ಕಳೆದುಕೊಂಡವರು. ಮಾಸ್ಕ್ ಹಾಕಿಕೊಂಡು ಬಾಲ್ಕನಿಯಿಂದ ಕೈಬೀಸಿದ್ದೇ ಬೀಳ್ಕೊಡುಗೆ. ಅವರಿಗೆ ಬೇರೆ ದಾರಿ ಇರಲಿಲ್ಲ. ನಿಮಗಿದೆ.

ಹೀಗೆ ಮಾಡಿ. ಸಭಾಂಗಣ ರದ್ದು ಮಾಡಿಸಿ. ಒಂದು ಶುಕ್ರವಾರ ಸಂಜೆ ಐದರಿಂದ ಒಂಬತ್ತರವರೆಗೆ ನಿಮ್ಮ ಕೋಣೆಯ ಬಾಗಿಲು ತೆರೆದಿಡಿ, ಬರುವವರು ಬರಲಿ, ಚಹಾ ಮತ್ತು ಗೋಳಿಬಜೆ. 2022ರಿಂದ ರಜೆ ಶನಿವಾರ, ಭಾನುವಾರಕ್ಕೆ ಹೋದರೂ ನಮ್ಮ ಕಾಲದವರಿಗೆ ಶುಕ್ರವಾರವೇ ಶುಕ್ರವಾರ. ಮಮ್ಜಾರ್ ಪಾರ್ಕಿನಲ್ಲಿ ಸೇರಿ ಅನ್ನೋಣವೆಂದರೆ ಜೂನ್ ಸೆಕೆಗೆ ಗೋಳಿಬಜೆ ಜತೆ ನೀವೂ ಬೇಯುತ್ತೀರಿ.

ಬಳಗದವರಿಗಿಂತ ಮೊದಲು ಬೇರೆ ಕೆಲವರಿಗೆ ಹೇಳಿ. ನಿಮ್ಮ ಬಿಲ್ಡಿಂಗಿನ ಕಾವಲುಗಾರ ನಾತೂರ್, ಲಾಂಡ್ರಿಯವನು, ತಿಂಗಳಿಗೊಮ್ಮೆ ತಲೆ ಕೊಡುವ ಕಟಿಂಗ್ ಶಾಪಿನವನು, ಗೋದಾಮಿನಲ್ಲಿ ನಿಮ್ಮ ಜತೆ ಪೆಟ್ಟಿಗೆ ಎಣಿಸಿದ ಪೆಶಾವರದ, ಚಿತ್ತಗಾಂಗಿನ ಹುಡುಗರು. ಬೈಂದೂರಿನವರನ್ನು ನೀವು ಬೈಂದೂರಿನಲ್ಲಿ ಮತ್ತೆ ನೋಡಬಹುದು, ಯಾರದಾದರೂ ಮದುವೆಯಲ್ಲಿ ಎದುರಾಗಿಯೇ ಆಗುತ್ತಾರೆ. ಪೆಶಾವರದವನನ್ನು ನೀವು ಇನ್ನೆಲ್ಲಿ ನೋಡುತ್ತೀರಿ? ಇಬ್ಬರ ಊರಿನ ಮಧ್ಯೆ ಇರುವ ಗಡಿ ದಾಟಲು ವೀಸಾ ಸಿಗುವುದು ನಿಮ್ಮ ನನ್ನ ಕೈಯಲ್ಲಿಲ್ಲ. ಅವನ ಜತೆ ಒಂದು ಊಟ ಮಾಡಿ, ಫೋಟೋ ತೆಗೆಸಿ, ಅವನ ಊರಿನ ನಂಬರ್ ಬರೆದುಕೊಳ್ಳಿ. ಇಲ್ಲಿನ ನಂಬರ್ ಸಾಲದು, ಕ್ಯಾನ್ಸಲ್ ಆದ ಮೇಲೆ ಅದು ಬೇರೆ ಯಾರದೋ ಆಗಿರುತ್ತದೆ.

ಪ್ರಶ್ನೆ: ಆರು ವರ್ಷದಲ್ಲಿ ನಾಲ್ಕು ಆಪ್ತರು ಹೋದರು. ಈಗ ನಮ್ಮ ಮಹಡಿಗೆ ಹಾಸನದವರು ಬಂದಿದ್ದಾರೆ. ಹೆಸರು ಕೇಳುವುದಕ್ಕೂ ಮನಸ್ಸಿಲ್ಲ.
— ಅಬುಧಾಬಿ

ಅಕ್ಕ: ಸ್ನೇಹ ಬೇಡವಾದರೆ ಬೇಡ. ಆದರೆ ಜೂನ್ ತಿಂಗಳಲ್ಲಿ ಬಂದಿಳಿದ ಆ ಹೆಂಗಸಿಗೆ ಮಕ್ಕಳ ಡಾಕ್ಟರ್ ಯಾರು, ಅವರೆಕಾಳು ಯಾವ ಅಂಗಡಿಯಲ್ಲಿ, ಮಧ್ಯಾಹ್ನ ನಲ್ಲಿಯ ತಣ್ಣೀರು ಯಾಕೆ ಕುದಿಯುತ್ತದೆ ಎಂದು ಹೇಳುವವರು ಬೇಕು. ನಿಮಗೆ ಇದನ್ನೆಲ್ಲ ಹೇಳಿಕೊಟ್ಟವರು ಆ ಹೋದ ನಾಲ್ವರಲ್ಲಿ ಒಬ್ಬರೇ ಇರಬೇಕು. ಹೋಗಿ ಇಷ್ಟು ಹೇಳಿ ಬನ್ನಿ.

ಪ್ರಶ್ನೆ: ಊರಿಗೆ ಹೋದ ಗೆಳತಿ ತನ್ನ ತುಳಸಿ ಕುಂಡ ನನಗೆ ಕೊಟ್ಟು ಹೋಗಿದ್ದಳು. ಬಾಲ್ಕನಿಯ ಬಿಸಿಗೆ ಪೂರ್ತಿ ಒಣಗಿದೆ. ಪ್ರತಿ ವಾರ 'ತುಳಸಿ ಹೇಗಿದೆ?' ಅಂತ ಕೇಳುತ್ತಾಳೆ. ಹಳೇ ಫೋಟೋ ಕಳಿಸುತ್ತಿದ್ದೇನೆ.
— ಕರಾಮಾ

ಅಕ್ಕ: ಅಯ್ಯೋ ಮಾರಾಯ್ತಿ! ಹಳೇ ಫೋಟೋ ನಿಲ್ಲಿಸು. ಸಸ್ಯ ಆರೋಗ್ಯದ ಪ್ರಮಾಣಪತ್ರವಿಲ್ಲದೆ ಗಿಡ ಒಯ್ಯುವಂತಿಲ್ಲವೆಂದು ಬಿಟ್ಟು ಹೋದವಳು ಅವಳು, ಇಲ್ಲಿನ ಬಾಲ್ಕನಿಯ ಬಿಸಿ ಅವಳಿಗೇನು ಹೊಸದೇ? ಮೊದಲು ಕಾಂಡವನ್ನು ಉಗುರಿನಲ್ಲಿ ಕೆರೆದು ನೋಡು. ಒಳಗೆ ಹಸಿರಿದ್ದರೆ ಕುಂಡವನ್ನು ಏಸಿಯ ಬಿಸಿಗಾಳಿ ಬಡಿಯದ ಮೂಲೆಗೆ ಸರಿಸಿ, ಒಣ ಕೊಂಬೆ ಕತ್ತರಿಸಿ, ಬೆಳಿಗ್ಗೆ ಬಿಸಿಲೇರುವ ಮುನ್ನ ಮತ್ತು ರಾತ್ರಿ ನೀರು ಹಾಕು. ಹಸಿರಿಲ್ಲದಿದ್ದರೆ ಒಣಗಿದ ಕದಿರು ಉದುರಿಸಬೇಡ, ಅಂಗೈಯಲ್ಲಿ ಉಜ್ಜಿದರೆ ಸಾಸಿವೆಗಿಂತ ಸಣ್ಣ ಕಪ್ಪು ಬೀಜ ಸಿಗುತ್ತದೆ. ಅದನ್ನು ಮನೆಯೊಳಗೆ ಕಿಟಕಿಯ ಹತ್ತಿರ ಸಣ್ಣ ಡಬ್ಬಿಯಲ್ಲಿ ಮಣ್ಣಿನ ಮೇಲೆಯೇ ಉದುರಿಸು, ಆಳಕ್ಕೆ ಹೂಳಬೇಡ. ಆ ಡಬ್ಬಿಯ ಫೋಟೋ ತೆಗೆದು ಅವಳಿಗೆ ಕಳಿಸು, ಆದದ್ದು ಹೇಳು. ಬೈಗುಳ ತಿನ್ನಬೇಕಾಗುತ್ತದೆ, ತಿನ್ನು.